ಮುತ್ತಮ್ಮನ ಅಡುಗೆಮನೆಯಲ್ಲಿ ಇಲಿ ಇಲ್ಲ

೧

ಈ ಕತೆಯನ್ನು ಇಲಿಯಿಂದ ಶುರು ಮಾಡಬೇಕೋ, ಇಲಿ ಇಲ್ಲ ಎನ್ನುವಲ್ಲಿಂದ ಶುರು ಮಾಡಬೇಕೋ ಎಂದು ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಇಲಿಯಿಂದ ಶುರು ಮಾಡಿದರೆ ಮುತ್ತಮ್ಮ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಇಲಿ ಇಲ್ಲ ಎಂದು ಶುರು ಮಾಡಿದರೆ ನೀವು ಬಿಡುವುದಿಲ್ಲ.

ಮೊದಲ ಡ್ರಾಫ್ಟು ಹೀಗಿತ್ತು: "ಮೂರ್ನಾಡಿನ ಮೇಲೆ ಆಟಿಯ ಮಳೆ ಒಂದೇ ಸಮನೆ..." ಹರಿದು ಹಾಕಿದೆ. ಆಟಿ ತಿಂಗಳಲ್ಲಿ ಕೊಡಗಿನಲ್ಲಿ ಮಳೆ ಬಂದರೆ ಅದೇನು ಸುದ್ದಿಯೇ? ಎರಡನೇ ಡ್ರಾಫ್ಟಿನಲ್ಲಿ ಇಲಿಯೇ ಕತೆ ಹೇಳುತ್ತಿತ್ತು. ಅದು ನನಗಿಂತ ಚೆನ್ನಾಗಿ ಹೇಳತೊಡಗಿತು. ಹೊಟ್ಟೆಕಿಚ್ಚಿನಿಂದ ಅದನ್ನೂ ನಿಲ್ಲಿಸಿದೆ.

"ಸಾರ್, ನನ್ನಿಂದ ಶುರು ಮಾಡಿ," ಎಂದಳು ರಂಜಿತಾ. "ಪಾಷಾಣ ಇಟ್ಟವಳು ನಾನು ತಾನೆ?"

(ನೋಡಿದಿರಾ ಓದುಗರೇ? ಪಾತ್ರಗಳಿಗೆ ಸಲುಗೆ ಕೊಟ್ಟರೆ ಇದೇ ಗತಿ. ಐದನೇ ಭಾಗದ ತನಕ ಜೋಪಾನವಾಗಿ ಮುಚ್ಚಿಡಬೇಕೆಂದಿದ್ದ ಗುಟ್ಟು ಮೊದಲ ಪುಟದಲ್ಲೇ ಬಟಾಬಯಲು.)

೨

ಆಯ್ತು ತಾಯಿ, ನಿನ್ನಿಂದಲೇ ಶುರು.

ರಂಜಿತಾ ಕುಶಾಲನಗರದ ಕಡೆಯವಳು, ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ನೆಲೆಸಿದ ಮನೆತನ. ಮದುವೆಯಾಗಿ ಮೂರ್ನಾಡಿಗೆ ಬಂದು ವರ್ಷ ಕಳೆದಿದೆ. ಗಂಡ ಪ್ರಸಾದ್‌ಗೆ ಬಜಾರಿನಲ್ಲಿ ಗೊಬ್ಬರ ಮತ್ತು ಕೀಟನಾಶಕದ ಅಂಗಡಿ. ಮಾವ ಪೂವಯ್ಯ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. (ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವರು. ನಾನೂ ರೈಟರೇ. ಆದರೆ ಅವರು ಬರೆದದ್ದನ್ನು ಜನ ಕಾದು ನಿಂತು ಓದುತ್ತಿದ್ದರು.) ಪೂವಯ್ಯನವರಿಗೆ ಸಕ್ಕರೆ ಕಾಯಿಲೆ. ಆಟಿ ಹದಿನೆಂಟರ ಹಬ್ಬದ ಪಾಯಸ ಬಿಟ್ಟರೆ ವರ್ಷವಿಡೀ ಅವರಿಗೆ ಅಧಿಕೃತವಾಗಿ ಯಾವ ಸಿಹಿಯೂ ಮಂಜೂರಾಗುವುದಿಲ್ಲ.

ಮಂಜೂರು ಮಾಡುವವರು ಅತ್ತೆ ಮುತ್ತಮ್ಮ.

ಈ ಮನೆಯವರು ತಮ್ಮತಮ್ಮಲ್ಲಿ ಅರೆಭಾಷೆ ಆಡುತ್ತಾರೆ, ಸೊಸೆಯ ಜೊತೆ ಕನ್ನಡ. ಅರೆಭಾಷೆ ನನಗೆ ಕೇಳಿದರೆ ತಿಳಿಯುತ್ತದೆ, ಬರೆದರೆ ತಪ್ಪಾಗುತ್ತದೆ. ಮಡಿಕೇರಿಯಿಂದ ಯಾರಾದರೂ ಫೋನ್ ಮಾಡಿ ಬೈಯುವುದು ಬೇಡವೆಂದು ಕತೆಯುದ್ದಕ್ಕೂ ಸೊಸೆಯನ್ನು ಅಲ್ಲೇ ನಿಲ್ಲಿಸಿಕೊಂಡಿದ್ದೇನೆ. ಅವಳಿದ್ದರೆ ಎಲ್ಲರೂ ಕನ್ನಡ ಮಾತಾಡಲೇಬೇಕಲ್ಲ.

ಹೋದ ವರ್ಷ ಊರಿನ ಮಹಿಳಾ ಸಂಘದವರು 'ಸ್ವಚ್ಛ ಅಡುಗೆಮನೆ' ಸ್ಪರ್ಧೆ ಇಟ್ಟಿದ್ದರು. ಮುತ್ತಮ್ಮನಿಗೆ ಮೊದಲ ಬಹುಮಾನ. ಕಪ್ ಹಿಡಿದು ನಗುತ್ತಿರುವ ಫೋಟೋ ಫ್ರೇಮಾಗಿ ಅಡುಗೆಮನೆಯ ಗೋಡೆಗೇ ಬಂತು. ಅಕ್ಕಿ ಡ್ರಮ್ಮಿನ ಹಿಂದೆ, ಮಂಡಿಯೆತ್ತರದಲ್ಲಿ. ಫೋಟೋ ಹಾಕುವ ಜಾಗವೇ ಅದು ಎಂದು ಪ್ರಸಾದ್ ಒಮ್ಮೆ ಕೇಳಿದ್ದ. "ನಂಗೆ ಅಲ್ಲೇ ಚಂದ," ಎಂದಿದ್ದರು ಮುತ್ತಮ್ಮ.

ಅಂದಿನಿಂದ ಆ ಅಡುಗೆಮನೆಯಲ್ಲಿ ಇಲಿ ಇಲ್ಲ. ಓಡಿಹೋದವೆಂದಲ್ಲ, ತೀರ್ಪಾಯಿತೆಂದು.

೩

ತೀರ್ಪಾದ ಮೇಲೆ ಸಂಸಾರ ಹೇಗೆ ನಡೆಯಿತು ನೋಡಿ.

ಅಕ್ಕಿಯಲ್ಲಿ ಕಪ್ಪು ಹಿಕ್ಕೆ ಸಿಕ್ಕರೆ ಅದು ಕರಿಜೀರಿಗೆ. ಅಟ್ಟದ ಮೇಲೆ ಓಡಾಡಿದ್ದು ಹಲ್ಲಿ. (ಆ ಸದ್ದು ಹಲ್ಲಿಯದಾಗಬೇಕಾದರೆ ಅದು ಬೂಟು ಹಾಕಿರಬೇಕು.) ಡಬ್ಬದ ಮುಚ್ಚಳ ಕಡಿದಿದ್ದರೆ ಈಗಿನ ಪ್ಲಾಸ್ಟಿಕ್ಕೇ ಹಾಗೆ. ಒಮ್ಮೆ ನೆಂಟರೊಬ್ಬರ ಪಾದದ ಮೇಲೆಯೇ ಏನೋ ಓಡಿತು. ಅವರು ಕಾಫಿ ಲೋಟ ಚೆಲ್ಲಿ ಕುರ್ಚಿಯ ಮೇಲೆ ಹತ್ತಿ ನಿಂತರೆ, ಮುತ್ತಮ್ಮ ಒಂದಿಷ್ಟೂ ಅಲುಗಾಡದೆ, "ಅಳಿಲು ಮರಿ. ಪ್ರೀತಿ ಅದಕ್ಕೆ ಮನುಷ್ಯರು ಅಂದ್ರೆ," ಎಂದರು.

ಬೋನು ತರುವಂತಿಲ್ಲ, ಬೆಕ್ಕು ಸಾಕುವಂತಿಲ್ಲ. ಬೆಕ್ಕು ಬಂದರೆ ಪಕ್ಕದ ಮನೆಯವರು ಯಾಕೆ ಅಂತ ಕೇಳುವುದಿಲ್ಲವೇ?

ಇಡೀ ಮೂರ್ನಾಡಿಗೆ ಇಲಿ ಪಾಷಾಣ ಮಾರುವ ಪ್ರಸಾದ್ ಮನೆಯಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. "ಇಲ್ಲದ ಇಲಿಗೆ ಬೋನು ತಂದ್ರೆ ಅಮ್ಮ ನನ್ನನ್ನೇ ಅದರೊಳಗೆ ಕೂರಿಸ್ತಾರೆ," ಎಂದು ಹೆಂಡತಿಯ ಕಿವಿಯಲ್ಲಿ ಹೇಳಿ ಮಗ್ಗುಲಾಗುತ್ತಿದ್ದ.

ಒಂದು ಬೆಳಿಗ್ಗೆ ರಂಜಿತಾ ದೋಸೆ ಹಿಟ್ಟಿನ ಪಾತ್ರೆ ತೆರೆದಳು. ಉಬ್ಬಿದ ಹಿಟ್ಟಿನ ಮೇಲೆ, ಈ ಅಂಚಿನಿಂದ ಆ ಅಂಚಿನವರೆಗೆ, ಪುಟ್ಟ ಪುಟ್ಟ ಕಾಲಿನ ಗುರುತು. ಯಾವುದೋ ಇಲಿ ನಿಧಾನವಾಗಿ ವಾಕಿಂಗ್ ಮುಗಿಸಿ ಹೋಗಿತ್ತು.

"ಅತ್ತೆ, ಇಲ್ನೋಡಿ."

ಮುತ್ತಮ್ಮ ನೋಡಿದರು. ಸೌಟು ತಂದು ಮೇಲಿನ ಪದರ ತೆಗೆದು ಸಿಂಕಿಗೆ ಹಾಕಿದರು. "ಕೆನೆ ಕಟ್ಟಿದೆ," ಎಂದು ಹೇಳಿ ಕಾವಲಿ ಇಟ್ಟರು.

ಆ ದಿನ ರಂಜಿತಾಗೆ ದೋಸೆ ಗಂಟಲಲ್ಲಿ ಇಳಿಯಲಿಲ್ಲ. ಸಿಟ್ಟು, ಅಸಹ್ಯ ಎರಡೂ ಬಂದಿದ್ದವು. ಅತ್ತೆಯ ಮೇಲೆ ಸಿಟ್ಟು ಬಂದರೆ ಸೊಸೆ ಏನು ಮಾಡಬಹುದು? ಇಲಿಯ ಮೇಲೆ ತೀರಿಸಿಕೊಳ್ಳಬಹುದು.

೪ (ಮೂರೂವರೆ ಎಂದು ಹಾಕಬೇಕಿತ್ತು. ಇರಲಿ.)

ಪ್ರಸಾದ್ ಊಟಕ್ಕೆ ಹೋದಾಗ ಅಂಗಡಿಯ ಗಲ್ಲಾದಲ್ಲಿ ಕೂರುವವಳು ರಂಜಿತಾ. ಅವನು ಗಿರಾಕಿಗಳಿಗೆ ಹೇಳುವುದು ಅವಳಿಗೆ ಬಾಯಿಪಾಠ: "ಹಾಗೇ ಇಟ್ರೆ ಮುಟ್ಟಲ್ಲ ಅಣ್ಣ. ಬೆಲ್ಲ, ಕಾಯಿತುರಿ ಸೇರಿಸಿ ಉಂಡೆ ಕಟ್ಟಿ. ತಿಂದ ಕೂಡ್ಲೆ ಸಾಯಲ್ಲ. ರಕ್ತ ಹೆಪ್ಪು ಕಟ್ಟದ ಹಾಗಾಗಿ, ಒಳಗೊಳಗೇ ಸೋರಿ, ಎರಡು ಮೂರು ದಿನ ಬಿಟ್ಟು ಹೊರಗೆ ಹೋಗಿ ಬೀಳ್ತದೆ."

ಆಟಿ ಹದಿನೆಂಟರ ಹಿಂದಿನ ಸಂಜೆ ಅವಳು ಒಂದು ಪೊಟ್ಟಣವನ್ನು ಸೆರಗಿನಲ್ಲಿ ತಂದು, ಯಾರೂ ಇಲ್ಲದಾಗ ಐದು ಉಂಡೆ ಕಟ್ಟಿ, ಸ್ಟೀಲಿನ ಸಣ್ಣ ಬಟ್ಟಲಲ್ಲಿ ಇಟ್ಟು, ಗ್ಯಾಸ್ ಸಿಲಿಂಡರಿನ ಹಿಂದೆ ಸರಿಸಿದಳು. ಬೆಲ್ಲ, ಕಾಯಿತುರಿ. ಮತ್ತೆ ಏಲಕ್ಕಿ.

"ಏಲಕ್ಕಿ ಯಾಕಮ್ಮ?" ಎಂದು ನಾನು ಕೇಳಿದೆ.

"ಕೈ ಅಭ್ಯಾಸ ಸಾರ್. ಬೆಲ್ಲ ಕಾಯಿ ಕಲಸಿದ ಮೇಲೆ ಕೈ ತಾನೇ ಆ ಡಬ್ಬಕ್ಕೆ ಹೋಯ್ತು."

"ಇಲಿಗೆ?"

"ಏಲಕ್ಕಿ ಇಲ್ದೆ ಉಂಡೆ ಕಟ್ಟೋದು ಎಂಗೆ ಸಾರ್?"

(ಕೊಡಗಿನಲ್ಲಿ ಏಲಕ್ಕಿ ಹಾಕದೆ ಪಾಷಾಣವನ್ನೂ ಮಾಡುವುದಿಲ್ಲ ಎಂದು ನೀವು ತಿಳಿದರೆ ನಾನೇನೂ ಮಾಡಲಾರೆ.)

೫

ಈಗ ಹೊರಗಿನ ಓದುಗರಿಗೆ ಒಂದು ಮಾಹಿತಿ. ಊರಿನವರು ಈ ಭಾಗ ಬಿಟ್ಟು ಮುಂದಕ್ಕೆ ಹೋಗಿ ಕಾಯುತ್ತಿರಿ.

ಆಟಿ ತಿಂಗಳ ಹದಿನೆಂಟನೇ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಔಷಧಿಗಳು ಸೇರಿರುತ್ತವೆ ಎಂದು ಇಲ್ಲಿಯ ನಂಬಿಕೆ. ಸೊಪ್ಪು ಕುದಿಸಿದ ನೀರು ಕಡುನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನಹಾಲು ಹಾಕಿದರೆ ಪಾಯಸ. ತಿಂದವರ ಮೂತ್ರ ಕೆಂಪಾಗುತ್ತದೆ. ಹೌದು, ಕೆಂಪು. ಗಾಬರಿ ಬೀಳುವಂಥದ್ದೇನಿಲ್ಲ, ಮದ್ದು ಮೈಗೆ ಹಿಡಿಯಿತು ಎಂದು ಅರ್ಥ. ಆ ದಿನ ಊರಿನಲ್ಲಿ ಮರ್ಯಾದಸ್ಥರೂ ಒಬ್ಬರನ್ನೊಬ್ಬರು, "ಬಂತಾ?" ಎಂದು ಕೇಳಿಕೊಳ್ಳುತ್ತಾರೆ. ಬಾರದವರಿಗೆ ಬೇಸರವಾಗುತ್ತದೆ.

ಬೆಳಿಗ್ಗೆ ರಂಜಿತಾ, ಹಬ್ಬವೆಂದು ಮುಚ್ಚಿದ್ದ ಅಂಗಡಿಗೆ ದೀಪ ಹಚ್ಚಿ ಬರಲು ಹೋಗಿದ್ದಳು. ವಾಪಸು ಬಂದಾಗ ಮನೆಯೆಲ್ಲ ಪಾಯಸದ ಘಮ. ಪ್ರಸಾದ್ ತಿಂದಾಗಿತ್ತು, ಮಾವ ತಿಂದಾಗಿತ್ತು, ಅತ್ತೆ ತಿಂದಾಗಿತ್ತು. ಅವಳು ಸುಮ್ಮನೆ ಸಿಲಿಂಡರಿನ ಹಿಂದೆ ಇಣುಕಿದಳು. ಬಟ್ಟಲು ಇರಲಿಲ್ಲ. ತಿರುಗಿ ನೋಡಿದರೆ ಪಾತ್ರೆ ಸ್ಟ್ಯಾಂಡಿನಲ್ಲಿ ಅದೇ ಬಟ್ಟಲು, ತೊಳೆದು ಬೋರಲು ಹಾಕಿದ್ದು.

"ಬಾ ಬಾ, ಬಿಸಿ ಇದೆ," ಮುತ್ತಮ್ಮ ತಟ್ಟೆಗೆ ಪಾಯಸ ಬಡಿಸಿದರು. "ಬೆಲ್ಲ ಸಾಕಾಗ್ಲಿಲ್ಲ ಮಾರಾಯ್ತಿ. ಕಡೆಗೆ ಅಲ್ಲಿ ಇಲ್ಲಿ ಸಿಕ್ಕಿದ್ದೆಲ್ಲ ಹಾಕ್ದೆ."

ರಂಜಿತಾ ಒಮ್ಮೆ ತಟ್ಟೆಯನ್ನು, ಒಮ್ಮೆ ಬೋರಲು ಹಾಕಿದ ಬಟ್ಟಲನ್ನು ನೋಡಿದಳು.

೬

ಇಲ್ಲಿ ನನಗೂ ಅವಳಿಗೂ ಜಗಳವಾಯಿತು.

"ಹೇಳಿಬಿಡು," ಎಂದೆ.

"ಏನಂತ ಹೇಳ್ಲಿ? ಇಲಿ ಪಾಷಾಣ ಇಟ್ಟಿದ್ದೆ ಅಂದ್ರೆ, ಇಲ್ಲದ ಇಲಿಗೆ ಯಾಕೆ ಇಟ್ಟೆ ಅಂತಾರೆ. ಇಲಿಗೆ ಅಲ್ದೆ ಇದ್ರೆ ಮತ್ತೆ ಯಾರಿಗೆ ಇಟ್ಟೆ ಅಂತ ಕೇಳ್ತಾರೆ. ಯೋಚ್ನೆ ಮಾಡಿ ಸಾರ್. ಸೊಸೆ ಪಾಯಸದಲ್ಲಿ ಪಾಷಾಣ ಹಾಕಿದ್ಲು ಅಂತ ಆಗಲ್ವಾ?"

ನಾನು ಯೋಚನೆ ಮಾಡಿದೆ. ಹೌದು, ಆಗುತ್ತಿತ್ತು. ಪತ್ರಿಕೆಯ ಮೂರನೇ ಪುಟದಲ್ಲಿ ಫೋಟೋ ಸಮೇತ ಆಗುತ್ತಿತ್ತು.

"ಹಾಗಾದರೆ ಪಾಯಸ ತಿನ್ನಬೇಡ."

"ತಿನ್ನದೇ ಇದ್ರೆ ಗೊತ್ತಾಗಲ್ವಾ?"

ಅವಳು ತಿಂದಳು. ತಟ್ಟೆ ಬಳಿದು ತಿಂದಳು. ಹೋದರೆ ಎಲ್ಲರೂ ಒಟ್ಟಿಗೆ ಹೋಗೋಣ ಎಂದು ಮನಸ್ಸಿನಲ್ಲಿ ಹೇಳಿಕೊಂಡಳು. ತಿನ್ನುತ್ತ ಅಳು ಬಂತು. "ಅಷ್ಟು ರುಚಿಯಾ?" ಎಂದು ಕೇಳಿದ ಮುತ್ತಮ್ಮ ಇನ್ನೊಂದು ಸೌಟು ಬಡಿಸಿದರು.

೭

ಇನ್ನು ಕಾಯುವುದು. ಪಾಷಾಣ ತಿಂದವರಿಗೆ ಮೂತ್ರದಲ್ಲಿ ರಕ್ತ ಬರಬಹುದೆಂದು ಅವಳಿಗೆ ಗೊತ್ತು. ಪೊಟ್ಟಣದ ಮೇಲೆಯೇ ಬರೆದಿದೆ. ಆದರೆ ವರ್ಷದಲ್ಲಿ ಈ ಒಂದು ದಿನ ಇಡೀ ಕೊಡಗಿನಲ್ಲಿ ಯಾರ ಬಣ್ಣವನ್ನು ನೋಡಿಯೂ ಏನೂ ಹೇಳಲು ಬರುವುದಿಲ್ಲ.

ಮಧ್ಯಾಹ್ನ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಶುರುವಾಯಿತು. ಕರಿಕೆಯ ಚಿಕ್ಕಮ್ಮ: "ನಮ್ಮಲ್ಲಿ ಎಲ್ಲರಿಗೂ ಬಂತು." ತಿತಿಮತಿಯ ಭಾವ: ಕೆಂಪು ಹೃದಯ, ಮೂರು. ಅಷ್ಟರಲ್ಲಿ ಬಾತ್ರೂಮಿನಿಂದ ಪೂವಯ್ಯನವರ ಕೂಗು, ಎಸ್ಟೇಟಿನ ತುದಿಯಲ್ಲಿರುವ ಆಳಿಗೂ ಕೇಳಿಸುವ ಹಳೇ ರೈಟರ ಗಂಟಲು:

"ಮುತ್ತೂ! ಬಂತು! ಒಳ್ಳೇ ಕೆಂಪು! ಈ ಸಲದ್ದು ಭಾರೀ ಪವರ್!"

"ಗೊತ್ತಾಯ್ತು, ಬಾಗ್ಲು ಹಾಕ್ಕೊಳ್ಳಿ," ಎಂದರು ಮುತ್ತಮ್ಮ. ಮುಖದಲ್ಲಿ ಹೆಮ್ಮೆ.

ರಂಜಿತಾ ಅಡುಗೆಮನೆಯ ಕಟ್ಟೆ ಹಿಡಿದು ನಿಂತಳು. ಈ ಕತೆಯನ್ನು ಇಲ್ಲಿಗೆ ಮುಗಿಸಲು ನನ್ನ ಹತ್ತಿರ ಎರಡು ದಾರಿಗಳಿದ್ದವು.

ಮುಕ್ತಾಯ ಅ: ಏನೂ ಆಗುವುದಿಲ್ಲ. ಪಾಷಾಣ ಕಲಬೆರಕೆಯದು, ಅದರಲ್ಲಿ ಬರೀ ಬಣ್ಣದ ಹಿಟ್ಟು. ಇಲಿಗಳೂ ಸುಖ, ಮನುಷ್ಯರೂ ಸುಖ. (ಪ್ರಸಾದ್ ಒಪ್ಪಲಿಲ್ಲ. "ನನ್ನ ಅಂಗಡೀಲಿ ಡೂಪ್ಲಿಕೇಟ್ ಮಾಲು ಇಲ್ಲ ಸಾರ್, ಹಾಗೆಲ್ಲ ಬರೀಬೇಡಿ.")

ಮುಕ್ತಾಯ ಆ: ಎಲ್ಲವೂ ರಂಜಿತಾಳ ಕನಸು. ಅವಳು ಎಚ್ಚರಗೊಳ್ಳುತ್ತಾಳೆ. (ನನಗೇ ನಾಚಿಕೆಯಾಯಿತು.)

ಎರಡನ್ನೂ ಹರಿದು ಹಾಕುತ್ತಿರುವಾಗ, ನನ್ನನ್ನು ಒಂದು ಮಾತೂ ಕೇಳದೆ, ರಂಜಿತಾ ಬಾಯಿ ತೆರೆದುಬಿಟ್ಟಳು.

೮

"ಅತ್ತೆ, ಆ ಸಣ್ಣ ಬಟ್ಟಲಲ್ಲಿ ಇದ್ದದ್ದು ಇಲಿ ಪಾಷಾಣ."

ಮುತ್ತಮ್ಮ ಸೊಪ್ಪಿನ ಕಡ್ಡಿ ಗುಡಿಸುತ್ತಿದ್ದರು. ಕೈ ನಿಲ್ಲಲಿಲ್ಲ. "ನಮ್ಮಲ್ಲಿ ಇಲಿ ಇಲ್ಲ."

"ಇಲಿ ಇರ್ಲಿ ಬಿಡ್ಲಿ, ಪಾಷಾಣ ಇತ್ತು! ನಾನೇ ಇಟ್ಟಿದ್ದು. ನೀವು ಅದನ್ನ ಪಾಯಸಕ್ಕೆ ಹಾಕಿದ್ರಾ? ದಮ್ಮಯ್ಯ ಅತ್ತೆ, ನಿಜ ಹೇಳಿ!"

ಪೊರಕೆ ನಿಂತಿತು.

"ಎಂತ ಬಟ್ಟಲು? ನಾನು ಹಾಕಿದ್ದು ಡಬ್ಬದ ತಳದಲ್ಲಿದ್ದ ಬೆಲ್ಲ, ಪೂಜೆಗೆ ಎತ್ತಿಟ್ಟಿದ್ದ ಅಚ್ಚು. ಬಟ್ಟಲು ನಾನು ಮುಟ್ಟಲೇ ಇಲ್ಲ."

"ಮತ್ತೆ ತೊಳ್ದವರು ಯಾರು?"

ಪ್ರಸಾದ್ ಟೀವಿ ಬಿಟ್ಟು ಬಂದಿದ್ದ. ಅವನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಪಾತ್ರೆ ತೊಳೆದವನಲ್ಲ. ಎಲ್ಲರೂ ಒಟ್ಟಿಗೆ ತಿರುಗಿ ನೋಡಿದ್ದು ಆಗಷ್ಟೇ ಬಾತ್ರೂಮಿನಿಂದ ಬಂದು, ಕೈ ಒರೆಸಿಕೊಳ್ಳುತ್ತ ನಿಂತಿದ್ದ ಪೂವಯ್ಯನವರನ್ನು.

"ಈ ಮನುಷ್ಯ ನಲ್ಲಿ ತಿರುಗಿಸೋದೇ ಏನಾದ್ರೂ ಮುಚ್ಚಿಡ್ಲಿಕ್ಕೆ ಇದ್ರೆ," ಎಂದರು ಮುತ್ತಮ್ಮ ಮೆಲ್ಲಗೆ. "ಮದುವೆಯಾದಾಗಿಂದ ನೋಡ್ತಿದ್ದೇನೆ. ಕದ್ದು ತಿಂದ ಮೇಲೆ ಮಾತ್ರ ತೊಳೆಯೋದು."

"ಏಲಕ್ಕಿ ವಾಸನೆ ಬಂತು," ಎಂದರು ಪೂವಯ್ಯ. ಅಷ್ಟು ಹೊತ್ತಿನ ಗಂಟಲು ಎಲ್ಲಿ ಹೋಗಿತ್ತೋ. "ನೀನು ನನ್ನಿಂದ ಬಚ್ಚಿಟ್ಟಿದ್ದೀ ಅಂತ ಅಂದ್ಕೊಂಡೆ."

"ಎಷ್ಟು ತಿಂದ್ರಿ?"

"ಒಂದೇ ಒಂದು."

"ಐದಿತ್ತು ಮಾವ!"

"ನಾನು ನೋಡುವಾಗ ಒಂದೇ ಇತ್ತು. ಉಳಿದದ್ದು ಇಲಿ ತಿಂದಿರ್ಬೇಕು."

ಆ ಪದವನ್ನು ಆ ಮನೆಯ ಯಜಮಾನ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

(ಓದುಗರೇ, ಇಲ್ಲೊಂದು ಲೆಕ್ಕಾಚಾರ ಇದೆ, ದಯವಿಟ್ಟು ನನ್ನ ಜೊತೆ ಇರಿ. ಅಡುಗೆಮನೆಯಲ್ಲಿ ಇಲಿ ಇದ್ದರೆ ಪೂವಯ್ಯ ತಿಂದದ್ದು ಒಂದು ಉಂಡೆ. ಇಲಿ ಇಲ್ಲದಿದ್ದರೆ ಅಷ್ಟನ್ನೂ ತಿಂದವರು ಅವರೇ.)

ಎಲ್ಲರೂ ಮುತ್ತಮ್ಮನ ಮುಖ ನೋಡಿದರು. ನಾನೂ ನೋಡಿದೆ. ಅವರು ಏನು ಹೇಳುತ್ತಾರೆಂದು ನಾನು ಬರೆದಿಟ್ಟಿರಲಿಲ್ಲ.

ಮುತ್ತಮ್ಮ ಅಕ್ಕಿ ಡ್ರಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಎಳೆದರು. ಬಗ್ಗಿ, ಗೋಡೆಯಿಂದ ತಮ್ಮ ಫೋಟೋ ತೆಗೆದರು. ಫೋಟೋದ ಹಿಂದೆ ಮುಷ್ಟಿ ಹೋಗುವಷ್ಟು ದೊಡ್ಡ ಬಿಲವಿತ್ತು. ಬಿಲದ ಬಾಯಲ್ಲಿ ಬೆಲ್ಲದ ಪುಡಿ, ಕಾಯಿತುರಿ.

"ಇಲ್ಲಿಂದ ಬರ್ತವೆ," ಎಂದರು. "ಯಾವಾಗ್ಲೂ ಇಲ್ಲಿಂದಲೇ." ಆಮೇಲೆ ಗಂಡನ ತೋಳು ಹಿಡಿದುಕೊಂಡು, "ಕಾರು ತೆಗಿ ಪ್ರಸಾದಾ," ಎಂದು ಕಿರುಚಿದರು.

೯

ಆಸ್ಪತ್ರೆಯ ಹೆಸರು ಬೇಡ. ಯಾವ ಆಸ್ಪತ್ರೆಯಾದರೂ ಆ ದಿನ ಹೀಗೇ ಆಗುತ್ತಿತ್ತು.

"ಮೂತ್ರ ಕೆಂಪಾ?" ಎಂದು ಕೇಳಿದರು ಡ್ಯೂಟಿ ಡಾಕ್ಟರು.

"ಹೌದು."

"ಪಾಯಸ ತಿಂದಿದ್ದೀರಾ?"

"ಹೌದು."

"ನಂದೂ ಕೆಂಪೇ," ಎಂದು ಡಾಕ್ಟರು ನಕ್ಕರು. "ಮನೆಗೆ ಹೋಗಿ ರೆಸ್ಟ್ ತಗೊಳ್ಳಿ."

"ಇಲಿ ಪಾಷಾಣ ತಿಂದಿದ್ದಾರೆ ಡಾಕ್ಟ್ರೇ," ಎಂದರು ಮುತ್ತಮ್ಮ. "ಅಡುಗೆಮನೇಲಿ ಇಟ್ಟದ್ದು."

ಅಲ್ಲಿದ್ದ ನರ್ಸ್ ಪವಿತ್ರಾ ತಲೆಯೆತ್ತಿದಳು. ಮೂರ್ನಾಡಿನವಳೇ, ಮಹಿಳಾ ಸಂಘದ ಸದಸ್ಯೆ. "ಮುತ್ತಮ್ಮ ಆಂಟಿ! ನಿಮ್ಮ ಅಡುಗೆಮನೇಲಾ? ಸಾಧ್ಯನೇ ಇಲ್ಲ." ಅವಳು ಡಾಕ್ಟರ ಕಡೆ ತಿರುಗಿದಳು. "ಸರ್, ನಾನೇ ಜಡ್ಜ್ ಆಗಿದ್ದೆ. ಅಲ್ಲಿ ಇಲಿ ಬಿಡಿ, ಇರುವೆ ಇಲ್ಲ. ಆಂಟಿಗೆ ಸುಮ್ನೆ ಗಾಬರಿ."

ಮುತ್ತಮ್ಮ ಒಂದು ವರ್ಷ ಕಟ್ಟಿ ನಿಲ್ಲಿಸಿದ ಹೆಸರು ಗಂಡನಿಗೂ ಡಾಕ್ಟರಿಗೂ ನಡುವೆ ಅಡ್ಡ ನಿಂತಿತು. ನಾನು ಈ ಸಾಲು ಬರೆದು ಬಹಳ ಖುಷಿಪಟ್ಟೆ. ರಂಜಿತಾ ನನ್ನನ್ನು ಎಂಥಾ ನೋಟ ನೋಡಿದಳೆಂದರೆ, ಖುಷಿ ಅಲ್ಲಿಗೇ ಇಳಿಯಿತು.

"ಉಂಟು," ಎಂದರು ಮುತ್ತಮ್ಮ.

"ಏನು ಆಂಟಿ?"

"ಇಲಿ! ಇಲಿ ಉಂಟು ನಮ್ಮನೇಲಿ!" ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ತಿರುಗಿದರು. "ಫೋಟೋ ಹಿಂದೆ ಬಿಲ ಉಂಟು. ಅಕ್ಕೀಲಿ ಹಿಕ್ಕೆ ಉಂಟು. ದೋಸೆ ಹಿಟ್ಟಲ್ಲಿ ನಡೀತವೆ, ಅದನ್ನೇ ನಾನು ಹುಯ್ದು ಕೊಡೋದು! ನೀನು ಜಡ್ಜ್ ಮಾಡ್ಲಿಕ್ಕೆ ಬಂದಾಗ ಆ ಡ್ರಮ್ಮಿನ ಮೇಲೆ ನಾನೇ ಕೂತಿದ್ದೆ, ನೆನಪುಂಟಾ? ಯಾಕೆ ಏಳ್ಲಿಲ್ಲ ಅಂತ ಅಂದ್ಕೊಂಡೆ? ಇವರಿಗೆ ಇಂಜೆಕ್ಷನ್ ಕೊಡು ಮೊದ್ಲು!"

ಸೊಸೆ ಅತ್ತೆಯ ಬೆನ್ನ ಮೇಲೆ ಕೈ ಇಟ್ಟಳು.

ಆಮೇಲೆ ಎಲ್ಲ ಬೇಗಬೇಗ ನಡೆಯಿತು. ಪೂವಯ್ಯನವರನ್ನು ಅಡ್ಮಿಟ್ ಮಾಡಿಕೊಂಡರು, ಇಂಜೆಕ್ಷನ್ ಕೊಟ್ಟರು, ರಕ್ತ ತೆಗೆದುಕೊಂಡರು. ಡಾಕ್ಟರ ನಗು ಹೋಗಿತ್ತು. "ಈ ವಿಷ ನಿಧಾನ. ಇವತ್ತಿನ ರಿಪೋರ್ಟ್ ನೋಡಿ ಏನೂ ಹೇಳಕ್ಕಾಗಲ್ಲ. ಪಾಯಸದ ಬಣ್ಣ ನಾಳೆಗೆ ಹೋಗುತ್ತೆ. ನಾಳಿದ್ದು ಬೆಳಿಗ್ಗೇನೂ ಕೆಂಪಾಗೇ ಇದ್ರೆ ತಕ್ಷಣ ನನ್ನನ್ನ ಕರೀರಿ."

೧೦

ನಾಳಿದ್ದು ಬೆಳಿಗ್ಗೆ.

ಮುತ್ತಮ್ಮ, ಪ್ರಸಾದ್, ರಂಜಿತಾ ಮೂವರಿಗೂ ಹಿಂದಿನ ದಿನವೇ ಬಣ್ಣ ಹೋಗಿತ್ತು. ಪೂವಯ್ಯ ಹಾಸಿಗೆಯಿಂದ ಎದ್ದು, ಯಾರ ಮುಖವನ್ನೂ ನೋಡದೆ ವಾರ್ಡಿನ ಬಾತ್ರೂಮಿಗೆ ಹೋದರು. ಚಿಲಕ ಬಿತ್ತು. ಮೂವರೂ ಬಾಗಿಲ ಹೊರಗೆ ನಿಂತರು.

"ಏನಾಯ್ತು?" ಎಂದು ಕೇಳಿದರು ಮುತ್ತಮ್ಮ. ಅವತ್ತು ಇಡೀ ಬೀದಿಗೆ ಕೇಳುವಂತೆ ಬಂತು ಬಂತು ಎಂದು ಕೂಗಿದ ಮನುಷ್ಯ ಈಗ ಒಂದು ಕೆಮ್ಮೂ ಕೆಮ್ಮಲಿಲ್ಲ.

"ಸಾರ್," ರಂಜಿತಾ ನನ್ನ ಕಡೆ ತಿರುಗಿದಳು. "ಸಾಕು ನಿಮ್ಮ ಆಟ. ಬಾಗ್ಲು ತೆಗ್ಸಿ."

ತೆಗೆಸಬಹುದಿತ್ತು. ಒಂದು ವಾಕ್ಯದ ಕೆಲಸ. ಬರೆದೂ ನೋಡಿದೆ. ನೀರಿನಂತೆ ತಿಳಿ ಎಂದು ಬರೆದರೆ ನೀವು ಉಸ್ಸೆಂದು ಪುಸ್ತಕ ಮಡಚಿ ಕಾಫಿಗೆ ಏಳುತ್ತೀರಿ. ಕೆಂಪು ಎಂದು ಬರೆದರೆ ಕತೆಗಾರ ಕಟುಕ ಎಂದು ಬೈದು, ಆಮೇಲೆ ಕಾಫಿಗೆ ಏಳುತ್ತೀರಿ. ಅಲ್ಲಿ ನಿಂತಿರುವ ಮುತ್ತಮ್ಮನಿಗೆ ಇನ್ನೂ ಗೊತ್ತಿಲ್ಲ. ಅವರಿಗಿಂತ ಮೊದಲು ನಿಮಗೆ ಹೇಳುವುದು ನನಗೆ ಸರಿ ಕಾಣಲಿಲ್ಲ. ರಂಜಿತಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಬಿಡಲಿ.

ಮುತ್ತಮ್ಮ ಬಾಗಿಲಿಗೆ ಹಣೆ ಒರಗಿಸಿದರು.

"ಬೈಯಲ್ಲ ನಾನು. ಇನ್ನು ಮೇಲೆ ಏನನ್ನೂ ಬಚ್ಚಿಡಲ್ಲ, ನೀವೂ ಬಚ್ಚಿಡ್ಬೇಡಿ. ಬಣ್ಣ ಎಂತದು ಅಂತ ಒಂದು ಮಾತು ಹೇಳಿ ಮಾರಾಯ್ರೇ."

ಒಳಗೆ ನಲ್ಲಿ ತಿರುಗಿಸಿದ ಸದ್ದಾಯಿತು.